ನಾಲ್ಕು ಗಾಲಿಗಳ ಚಾಲನೆಯುಳ್ಳ ಹಳೆಯ ಗಾಡಿಗಳ ಆಯ್ಕೆ

ಚನ್ನಗಿರಿಯ ತೋಟದ ಸೀಮೆಯಲ್ಲಿ ಅಡಿಕೆಯ ಹಣ ಕೈಸೇರಿದೊಡನೆಯೂ, ಜಗಳೂರಿನ ಕಡೆ ಮೆಕ್ಕೆಜೋಳದ ಮಾರಾಟ ಮುಗಿದೊಡನೆಯೂ, ಹಳೆಯ ಜೀಪೊಂದನ್ನು ಕೊಳ್ಳಬೇಕೆಂಬ ವಿಚಾರವು ಜಮೀನುದಾರರ ಮನೆಗಳಲ್ಲಿ ಹುಟ್ಟುವುದುಂಟು. ಹೊಸ ಗಾಡಿಯ ಬೆಲೆಯು ಎಲ್ಲರ ಅಳವಿನದಲ್ಲವಾದ ಕಾರಣ ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ದಲ್ಲಾಳಿಯು "ಇದು ಫೋರ್ ಬೈ ಫೋರ್" ಎಂದು ಹೇಳಿದ ಮಾತನ್ನೇ ನಂಬಿ ಒಂದು ವರ್ಷದ ಫಸಲಿನ ಹಣವನ್ನು ಎಣಿಸಿಕೊಟ್ಟು, ಮೊದಲನೆಯ ಮುಂಗಾರು ಮಳೆಗೇ ಗಾಡಿಯನ್ನು ಎತ್ತು ಕಟ್ಟಿ ಎಳೆಸಿಕೊಂಡವರು ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಇದ್ದಾರೆ. ಇಂತಹ ಗಾಡಿಯ ಬೆಲೆಯೆಲ್ಲವೂ ಒಂದು ಸಂಗತಿಯ ಮೇಲೆ ನಿಂತಿರುತ್ತದೆ: ಎರಡನೆಯ ಜೊತೆ ಗಾಲಿಗಳಿಗೆ ಬಲವನ್ನು ಒಯ್ಯುವ ಅಂಗಗಳು ಗಾಡಿಯಲ್ಲಿ ನಿಜವಾಗಿ ಇವೆಯೇ, ಇದ್ದರೆ ಇಂದಿಗೂ ಕೆಲಸಮಾಡುತ್ತಿವೆಯೇ ಎಂಬುದು.

ಮಹೀಂದ್ರ ಸಂಸ್ಥೆಯವರು 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಈ ದೇಶದಲ್ಲಿ ಜೋಡಿಸತೊಡಗಿದ ಕಾಲಕ್ಕೆ ಜೀಪೆಂದರೆ ನಾಲ್ಕು ಗಾಲಿಗಳೂ ಎಳೆಯುವ ಗಾಡಿಯೆಂದೇ ಅರ್ಥವಿತ್ತು. ಈಗ ಹಾಗಿಲ್ಲ. ಬೊಲೆರೊ ಮತ್ತು ಸ್ಕಾರ್ಪಿಯೊಗಳಲ್ಲಿ ಬಹುಪಾಲು ಹಿಂದಿನ ಎರಡು ಗಾಲಿಗಳಿಂದಲೇ ನಡೆಯತಕ್ಕವು. ಥಾರ್ ಗಾಡಿಯಲ್ಲಿಯೂ 2023ರಿಂದ ಹಿಂದಿನ ಗಾಲಿಗಳ ಚಾಲನೆಯ ಮಾದರಿಯೊಂದು ಮಾರಾಟವಾಗಿದೆ. ಹೊರನೋಟಕ್ಕೆ ಎರಡೂ ಒಂದೇ. ರೆನೊ ಡಸ್ಟರ್ ಗಾಡಿಗೆ ನಾಲ್ಕು ಗಾಲಿಗಳ ಚಾಲನೆಯು 2014ರಲ್ಲಿ ಬಂದಿತಾದರೂ ಹಾದಿಯಲ್ಲಿ ಕಾಣುವ ಡಸ್ಟರುಗಳಲ್ಲಿ ಹೆಚ್ಚಿನವು ಮುಂದಿನ ಗಾಲಿಗಳವೇ. ಆದುದರಿಂದ ಕೊಳ್ಳುವವನು ಬಣ್ಣವನ್ನೂ ಆಸನವನ್ನೂ ನೋಡುವುದಕ್ಕೆ ಮೊದಲು ಗೋಣಿಯೊಂದನ್ನು ಹಾಸಿ ಗಾಡಿಯ ಕೆಳಗೆ ಮಲಗಿ ನೋಡತಕ್ಕದ್ದು. ಜೀಪಿನ ಜಾತಿಯ ಗಾಡಿಯಾದರೆ ಗೇರಿನ ಪೆಟ್ಟಿಗೆಯಿಂದ ಮುಂದಿನ ಅಚ್ಚಿಗೂ ಒಂದು ಪ್ರೊಪೆಲ್ಲರ್ ಶಾಫ್ಟು ಹೋಗಿರಬೇಕು. ಡಸ್ಟರಿನಂತಹ ಕಾರಿನ ಜಾತಿಯದಾದರೆ ಹಿಂದಿನ ಅಚ್ಚಿಗೆ ಶಾಫ್ಟು ಹೋಗಿರಬೇಕು. ಕೆಲವೆಡೆ ಆ ಅಂಗಗಳು ಕೆಟ್ಟಾಗ ರಿಪೇರಿಯ ಖರ್ಚಿಗೆ ಹೆದರಿ ಶಾಫ್ಟನ್ನೇ ಬಿಚ್ಚಿ ತೆಗೆದು ಗಾಡಿಯನ್ನು ಮಾರುವುದುಂಟು. ಒಳಗಡೆಯ ಕಡ್ಡಿ ಮಾತ್ರ ಹಾಗೆಯೇ ನಿಂತಿರುತ್ತದೆ!

ಈ ಎರಡು ಜಾತಿಗಳ ಭೇದವನ್ನು ಚೆನ್ನಾಗಿ ಅರಿಯಬೇಕು. ಹಳೆಯ ಜೀಪು, 1985ರಲ್ಲಿ ಬಂದ ಮಾರುತಿ ಜಿಪ್ಸಿ, ನಾಲ್ಕು ಗಾಲಿಗಳ ಥಾರ್ ಮುಂತಾದವುಗಳಲ್ಲಿ ಚಾಲಕನು ತಾನೇ ಮುಂದಿನ ಅಚ್ಚನ್ನು ಕೂಡಿಸತಕ್ಕದ್ದು. ಅದಲ್ಲದೆ ಬಲವನ್ನು ಹೆಚ್ಚಿಸಿ ವೇಗವನ್ನು ಬಹಳ ತಗ್ಗಿಸುವ ಕೆಳಗೇರೊಂದು ಇವುಗಳಲ್ಲಿರುತ್ತದೆ. ಡಸ್ಟರಿನಂತಹವುಗಳಲ್ಲಿ ಕೆಳಗೇರಿಲ್ಲ. ಹಿಂದಿನ ಅಚ್ಚಿನ ಬಳಿ ಅನೇಕ ಬಿಲ್ಲೆಗಳುಳ್ಳ ಕ್ಲಚ್ಚೊಂದಿದ್ದು, ಮುಂದಿನ ಗಾಲಿ ಜಾರಿದಾಗ ಅದು ಬಿಗಿದುಕೊಂಡು ಹಿಂದಕ್ಕೂ ಬಲವನ್ನು ಕೊಡುತ್ತದೆ. ಮಳೆಯ ರಸ್ತೆಗೂ ಜಾರುವ ಮಣ್ಣಿನ ದಾರಿಗೂ ಈ ಏರ್ಪಾಡು ಬಲು ಹಿತಕರ. ಆದರೆ ಆಳವಾದ ಕೆಸರಿನಲ್ಲಿ ಬಹಳ ಹೊತ್ತು ಗಾಲಿ ತಿರುಗಿಸಿದರೆ ಬಿಲ್ಲೆಗಳು ಕಾದು, ತಣ್ಣಗಾಗುವ ತನಕ ಹಿಂದಿನ ಗಾಲಿಗಳು ಕೈಬಿಡುತ್ತವೆ.

ಹಾಗಾದರೆ ಯಾರಿಗೆ ಯಾವುದು ತಕ್ಕುದು? ಹೊನ್ನಾಳಿಯ ನಾಲೆಯ ಕೆಳಗಿನ ಭತ್ತದ ಬಯಲಿನಲ್ಲಿ ಎರೆಮಣ್ಣು ನೀರು ಕುಡಿದು ಉಬ್ಬಿ ಟೈರಿನ ಹಲ್ಲುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಅಲ್ಲಿಗೆ ಕೆಳಗೇರುಳ್ಳ ಹಗುರವಾದ ಗಾಡಿಯೇ ಮೇಲು. ಸುಮಾರು ಒಂದು ಟನ್ನು ತೂಗುವ ಜಿಪ್ಸಿಯು ದಾಟುವ ಕೆಸರಿನಲ್ಲಿ ಅದಕ್ಕಿಂತ ಬಹು ತೂಕದ ಗಾಡಿ ಹೂತುಹೋಗುವುದು ಸಹಜವಷ್ಟೆ. ನ್ಯಾಮತಿಯಲ್ಲಿ ಬೆಳಗುತ್ತಿ, ತೀರ್ಥರಾಮೇಶ್ವರದ ಕಡೆಯ ಗುಡ್ಡದ ದಾರಿಗಳಲ್ಲಿ ಏರುವುದಕ್ಕಿಂತಲೂ ಇಳಿಯುವಾಗ ಕೆಳಗೇರಿನ ಪ್ರಯೋಜನ ಹೆಚ್ಚು. ಬ್ರೇಕನ್ನು ತುಳಿಯದೆ ಎಂಜಿನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಜಗಳೂರಿನ ಮಾತೇ ಬೇರೆ. ಮಳೆ ಕಡಮೆಯಾದ ಆ ತಾಲ್ಲೂಕಿನ ಕೆಂಪು ಮಸಬು ನೆಲದಲ್ಲಿ ದಾರಿಗಳು ವರ್ಷದ ಬಹುಕಾಲ ಒಣಗಿಯೇ ಇರುತ್ತವೆ. ಅಲ್ಲಿಯ ರೈತನಿಗೆ ಬೇಕಾದುದು ನೆಲದಿಂದ ಎತ್ತರವಾಗಿ ನಿಲ್ಲುವ ಗಟ್ಟಿ ಗಾಡಿಯೇ ಹೊರತು ನಾಲ್ಕು ಗಾಲಿಗಳ ಚಾಲನೆಯಲ್ಲ. ವರ್ಷದಲ್ಲಿ ಕೆಲವೇ ದಿನಗಳ ಕೆಸರಿಗಾಗಿ ಹೆಚ್ಚು ಬೆಲೆ, ಹೆಚ್ಚು ಇಂಧನ, ಹೆಚ್ಚು ರಿಪೇರಿಗಳನ್ನು ತಲೆಯ ಮೇಲೆ ಹೊತ್ತುಕೊಳ್ಳುವುದಕ್ಕಿಂತ, ಉಳಿದ ಹಣವನ್ನು ಒಂದು ಕೃಷಿ ಹೊಂಡಕ್ಕೆ ಹಾಕುವುದು ಲೇಸು.

ಚನ್ನಗಿರಿಯ ತೋಟಗಾರರಿಗೆ ಇನ್ನೊಂದು ಮಾತು. ಅಡಿಕೆಯ ಗಿಡಗಳನ್ನು ಸಾಮಾನ್ಯವಾಗಿ 9 ಅಡಿಗಳ ಅಂತರದಲ್ಲಿ ನೆಡುತ್ತಾರೆ. ಥಾರ್ ಗಾಡಿಯ ಅಗಲ ಸುಮಾರು 6 ಅಡಿ, ಜಿಪ್ಸಿಯದು ಸುಮಾರು 5 ಅಡಿ. ಗಾಡಿಯು ಸಾಲಿನ ನಡುವೆ ಹಿಡಿಸುತ್ತದೆಂಬುದು ದಿಟ. ಆದರೆ ಅಡಿಕೆಯ ಬೇರುಗಳಲ್ಲಿ ಹೆಚ್ಚಿನವು ಬುಡದ ಸುತ್ತಣ ಎರಡು ಮೂರು ಅಡಿಗಳೊಳಗೆ ಮೇಲುಮಣ್ಣಿನಲ್ಲಿಯೇ ಹರಡಿಕೊಂಡಿರುವುದರಿಂದ, ಹಸಿ ನೆಲದಲ್ಲಿ ಗಾಲಿಗಳು ಅವುಗಳ ಮೇಲೆಯೇ ಹಾಯುತ್ತವೆ. ಮಣ್ಣು ಗಟ್ಟಿಯಾಗಿ ನೀರು ಇಂಗದೆ ನಿಂತು ಗಿಡ ಸೊರಗುತ್ತದೆ. ಗೊನೆ ಸಾಗಿಸುವ ಗಾಡಿಯು ತೋಟದ ಅಂಚಿನ ದಾರಿಯಲ್ಲಿಯೇ ನಿಲ್ಲತಕ್ಕದ್ದು. ಆ ದಾರಿಗೆ ಎಷ್ಟು ಬಲದ ಗಾಡಿ ಬೇಕೆಂಬುದನ್ನು ನೋಡಿ ಕೊಂಡರೆ ಸಾಕು.

ಗಾಡಿಯನ್ನು ಪರೀಕ್ಷಿಸುವುದಕ್ಕೆ ಡಾಂಬರು ರಸ್ತೆಯು ಎಂದಿಗೂ ಸಾಲದು. ಮಾರುವವರು ರಸ್ತೆಯಲ್ಲಿಯೇ ಓಡಿಸಿ ತೋರಿಸಲು ಇಷ್ಟಪಡುವುದಕ್ಕೆ ಕಾರಣವುಂಟು. ಅಲ್ಲಿ ಮುಂದಿನ ಅಚ್ಚಿನ ದೋಷ ಬಯಲಾಗುವುದಿಲ್ಲ. ಜೀಪಿನ ಜಾತಿಯ ಗಾಡಿಯನ್ನು ಕಣದಂತಹ ಗಟ್ಟಿ ಮಣ್ಣಿನ ನೆಲಕ್ಕೆ ತಂದು, ನಾಲ್ಕು ಗಾಲಿಗಳ ಚಾಲನೆಯನ್ನು ಕೂಡಿಸಿ, ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಮೆಲ್ಲನೆ ಸುತ್ತು ಹಾಕಿಸಬೇಕು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ನಡೆಯಬೇಕಾಗಿದ್ದು, ಎರಡು ಅಚ್ಚುಗಳೂ ಒಂದಕ್ಕೊಂದು ಬಿಗಿದಿರುವ ಕಾರಣ, ಗಾಡಿಯು ಬ್ರೇಕು ಹಿಡಿದಂತೆ ತಡೆದು ತಡೆದು ನಡೆಯುತ್ತದೆ. ಹಾಗೆ ತಡೆದರೆ ಅಚ್ಚು ಜೀವಂತವಾಗಿದೆಯೆಂದು ತಿಳಿಯಬಹುದು. ಏನೂ ಆಗದವರಂತೆ ಸಲೀಸಾಗಿ ತಿರುಗಿದರೆ ಬಲವು ಮುಂದಿನ ಗಾಲಿಗಳಿಗೆ ತಲಪುತ್ತಿಲ್ಲ. ಗಾಲಿಯ ಗುಂಬದ ಬೀಗವೋ ಒಳಗಿನ ಹಲ್ಲುಗಳೋ ಕೆಟ್ಟಿರಬೇಕು. ಒಂದೆರಡು ಸುತ್ತುಗಳಿಗಿಂತ ಹೆಚ್ಚು ಮಾಡಕೂಡದು. ಗಟ್ಟಿ ರಸ್ತೆಯಲ್ಲಿ ಈ ಚಾಲನೆಯನ್ನು ಕೂಡಿಸಿ ಓಡಿಸುವವರು ತಮ್ಮ ಗಾಡಿಯನ್ನು ತಾವೇ ಮುರಿದುಕೊಳ್ಳುತ್ತಾರೆಂಬುದಕ್ಕೂ ಈ ಬಿಗಿತವೇ ಕಾರಣ. ಬಳಿಕ ಕೆಳಗೇರನ್ನು ಹಾಕಿ ಸಣ್ಣ ಏರೊಂದನ್ನು ಹತ್ತಿಸಿ ಇಳಿಸಬೇಕು. ಇಳಿಯುವಾಗ ಗೇರು ತಾನಾಗಿ ಹೊರಕ್ಕೆ ನೆಗೆದರೆ ಆ ಪೆಟ್ಟಿಗೆಯೊಳಗೆ ಸವೆತವುಂಟು. ಡಸ್ಟರಿನ ಜಾತಿಯದಕ್ಕೆ ಈ ಪರೀಕ್ಷೆ ಹೊಂದದು. ಅದರ ಮುಂದಿನ ಗಾಲಿಗಳೆರಡನ್ನೂ ಕೆಸರಿನಲ್ಲಿ ನಿಲ್ಲಿಸಿ, ಚಾಲನೆಯ ಗುಂಡಿಯನ್ನು ಬಿಗಿಯುವ ಸ್ಥಾನಕ್ಕೆ ತಿರುಗಿಸಿ ಮೆಲ್ಲನೆ ಹೊರಡಿಸುವಾಗ, ಪಕ್ಕದಲ್ಲಿ ನಿಂತವನೊಬ್ಬನು ಹಿಂದಿನ ಗಾಲಿಗಳು ತಳ್ಳುತ್ತಿವೆಯೇ ಎಂಬುದನ್ನು ನೋಡಬೇಕು.

ಬಹುಕಾಲ ಕೂಡಿಸದೆ ಬಿಟ್ಟ ಮುಂದಿನ ಅಚ್ಚು ಹೆಚ್ಚು ದುಡಿದ ಅಚ್ಚಿಗಿಂತಲೂ ಕೆಟ್ಟಿರುವುದುಂಟು. ಎಣ್ಣೆಯು ಮೇಲಣ ಹಲ್ಲುಗಳಿಗೆ ಹತ್ತದೆ, ಸೀಲುಗಳು ಒಣಗಿ, ನೀರು ಒಳಸೇರಿರುತ್ತದೆ. "ಒಂದು ದಿನವೂ ಫೋರ್ ಬೈ ಫೋರ್ ಹಾಕಿಲ್ಲ" ಎಂಬ ಮಾತನ್ನು ಗುಣವೆಂದು ಎಣಿಸಕೂಡದು. ಗೇರು ಪೆಟ್ಟಿಗೆ, ಬಲ ಹಂಚುವ ಪೆಟ್ಟಿಗೆ, ಎರಡು ಡಿಫರೆನ್ಷಿಯಲ್ಲುಗಳು, ಇವುಗಳ ಎಣ್ಣೆಯನ್ನು ಬೆರಳಿಗೆ ಹಚ್ಚಿ ನೋಡಬೇಕು. ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಲೋಹದ ಚೂರುಗಳು ಮಿನುಗಿದರೆ ಹಲ್ಲುಗಳು ಕಳಚುತ್ತಿವೆ. ತುಂಗಭದ್ರೆಯ ದಡದ ತಗ್ಗುಗಳಲ್ಲಿ ನೆರೆಯ ನೀರು ನುಗ್ಗುವುದು ಹೊನ್ನಾಳಿಯವರಿಗೆ ಹೊಸತಲ್ಲ. ಅಂತಹ ನೀರಿನಲ್ಲಿ ನಿಂತ ಗಾಡಿಯನ್ನು ತೊಳೆದು ಮಾರಿರಬಹುದಾದುದರಿಂದ, ಸೀಟಿನ ಪಟ್ಟಿಯನ್ನು ಕೊನೆಯವರೆಗೂ ಎಳೆದು ನೋಡಬೇಕು. ಒಳಗಿನ ತುದಿಯಲ್ಲಿ ಉಳಿದ ಕೆಸರಿನ ಗೆರೆಯನ್ನು ತೊಳೆಯುವ ಗೋಜಿಗೆ ಯಾರೂ ಹೋಗಿರುವುದಿಲ್ಲ. ಚಾಸಿಯಲ್ಲಿ ಹೊಸ ಬೆಸುಗೆ ಕಂಡರೆ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು.

ಟೈರುಗಳು ನಾಲ್ಕೂ ಒಂದೇ ಅಳತೆಯವೂ ಒಂದೇ ಸವೆತದವೂ ಆಗಿರಬೇಕು. ಹೊಸ ಟೈರೆರಡು, ಬೋಳು ಟೈರೆರಡು ಇದ್ದರೆ ಗಾಲಿಗಳ ಸುತ್ತಳತೆ ಬೇರೆಯಾಗಿ, ಡಸ್ಟರಿನ ಜಾತಿಯ ಕ್ಲಚ್ಚು ನೇರ ರಸ್ತೆಯಲ್ಲಿಯೂ ಸದಾ ತಿಕ್ಕಾಡಿ ಸವೆಯುತ್ತದೆ. ಎರೆಭೂಮಿಯಲ್ಲಂತೂ ಆಳವಾದ ಹಲ್ಲುಗಳ ಟೈರುಳ್ಳ ಎರಡು ಗಾಲಿಗಳ ಗಾಡಿಯು ಬೋಳು ಟೈರಿನ ನಾಲ್ಕು ಗಾಲಿಗಳದನ್ನು ಹಿಂದಿಕ್ಕಬಲ್ಲುದು.

ಕೊನೆಗೆ ಕಾಗದಪತ್ರಗಳ ವಿಷಯ. ಎಂಜಿನು ಮತ್ತು ಚಾಸಿಯ ಸಂಖ್ಯೆಗಳು ನೋಂದಣಿ ಪತ್ರದೊಡನೆ ಅಕ್ಷರಶಃ ಹೊಂದಬೇಕು. ಹಳೆಯ ಜೀಪುಗಳಿಗೆ ಬೇರೆ ಎಂಜಿನು ಕೂಡಿಸಿ, ಪತ್ರದಲ್ಲಿ ಬರೆಯಿಸದೆ ಬಿಟ್ಟಿರುವುದು ಅಪರೂಪವಲ್ಲ. ಸಾಲದ ಅಡವಿನ ಉಲ್ಲೇಖವಿದ್ದರೆ ಅದನ್ನು ತೆಗೆಸದೆ ಹಣ ಕೊಡಲಾಗದು. ದಿಲ್ಲಿಯ ಪ್ರಾಂತದಲ್ಲಿ 10 ವರ್ಷ ಮೀರಿದ ಡೀಸೆಲ್ ಗಾಡಿಗಳ ಓಡಾಟವನ್ನು ಹಸಿರು ನ್ಯಾಯಮಂಡಳಿಯು 2015ರಲ್ಲಿ ತಡೆದು, ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಅದನ್ನು ಎತ್ತಿಹಿಡಿದ ತರುವಾಯ ಅಲ್ಲಿಯ ಅನೇಕ ಗಾಡಿಗಳು ಅಗ್ಗದ ಬೆಲೆಗೆ ಇತರ ರಾಜ್ಯಗಳಿಗೆ ಬಂದಿವೆ. ಇಂತಹವುಗಳಿಗೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಕರ್ನಾಟಕದ ತೆರಿಗೆಯನ್ನೂ ಕಟ್ಟಿ ಮರುನೋಂದಣಿ ಮಾಡಿಸಬೇಕಾಗಿರುವುದರಿಂದ ಅಗ್ಗವೆಂಬುದು ಕಡೆಗೆ ಅಗ್ಗವಾಗಿ ಉಳಿಯುವುದಿಲ್ಲ. ಸ್ವಂತ ಬಳಕೆಯ ಗಾಡಿಯ ನೋಂದಣಿಯು ಮೊದಲು 15 ವರ್ಷಗಳಿಗೆ ಮಾತ್ರ. ಆಮೇಲೆ ಪರೀಕ್ಷೆಗೆ ಒಡ್ಡಿ ಐದೈದು ವರ್ಷಗಳಿಗೆ ನವೀಕರಿಸಬೇಕು. ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಪ್ರಾದೇಶಿಕ ಸಾರಿಗೆ ಕಚೇರಿಗೆ ತಿಳಿಸತಕ್ಕದ್ದು. ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವನು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು.