ಬಗೀಚೆಯ ಮಂಟಪದಲ್ಲಿ ಹಕ್ಕಿಗಳ ಹೊಲಸು: ಹಿಂಸೆಯಿಲ್ಲದ ಉಪಾಯಗಳು

ಊರ ಬಗೀಚೆಯ ಮಂಟಪ, ಬಸ್ಸು ನಿಲ್ಲುವಲ್ಲಿಯ ನೆರಳು, ಸಂತೆಯ ಪತ್ರಾಸಿನ ಛಪ್ಪರ ಇವೆಲ್ಲ ದಣಿದ ಜನ ಕೂಡ್ರಲೆಂದು ಕಟ್ಟಿದವು. ಆದರೆ ಅನೇಕ ಕಡೆ ಕಟ್ಟೆಯ ಮೇಲೆ ಹಿಕ್ಕೆ ಬಿದ್ದು ಜನ ಬಿಸಿಲಿನಲ್ಲಿಯೇ ನಿಲ್ಲಬೇಕಾಗುತ್ತದೆ. ಆಗ ಯಾರೋ ಒಬ್ಬರು ಗಳ ತಂದು ಗೂಡು ಕೆಡವುತ್ತಾರೆ. ಮರಿಗಳು ನೆಲಕ್ಕೆ ಬಿದ್ದು ಸಾಯುತ್ತವೆ. ಎಂಟು ದಿನದೊಳಗೆ ಅದೇ ತೊಲೆಯ ಮೇಲೆ ಹೊಸ ಗೂಡು ಏಳುತ್ತದೆ. ಪಾಪವೂ ಆಯಿತು, ಕೆಲಸವೂ ಆಗಲಿಲ್ಲ. ನಮ್ಮ ರೈತ ಬಾಂಧವರ ದನದ ಕೊಟ್ಟಿಗೆಯಲ್ಲಿಯೂ ಇದೇ ತೊಂದರೆ ಇರುವದರಿಂದ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರಿಸುತ್ತೇವೆ.

ಹಕ್ಕಿ ಏಕೆ ಬರುತ್ತದೆ?

ಹಕ್ಕಿಗೆ ಬೇಕಾದದ್ದು ಮೂರು: ಕಾಲೂರಲು ಮಟ್ಟಸವಾದ ಜಾಗ, ತಲೆಯ ಮೇಲೆ ನೆರಳು, ಹತ್ತಿರದಲ್ಲಿ ಕಾಳು ನೀರು. ಛಾವಣಿಯ ಕೆಳಗಿನ ತೊಲೆ, ಕಬ್ಬಿಣದ ಆಂಗಲ್ಲು, ಕಂಬದ ತಲೆ ಇವು ಮೊದಲಿನ ಎರಡನ್ನು ಒದಗಿಸುತ್ತವೆ. ಜನ ಚೆಲ್ಲಿದ ಶೇಂಗಾ, ಚುರಮುರಿ ಮೂರನೆಯದನ್ನು ಒದಗಿಸುತ್ತದೆ. ಜಾಗ ಹಾಗೆಯೇ ಉಳಿದರೆ ಗೂಡು ಕೆಡವಿ ಫಲವಿಲ್ಲ. ಕೆಡಿಸಬೇಕಾದದ್ದು ಗೂಡನ್ನಲ್ಲ, ಕೂಡ್ರುವ ಅನುಕೂಲವನ್ನು.

ಮೊದಲು ಗೂಡಿನೊಳಗೆ ನೋಡಿರಿ

ಏಣಿ ಹಾಕಿ ತತ್ತಿ ಮರಿ ಇವೆಯೋ ಎಂದು ನೋಡುವದೇ ಮೊದಲ ಕೆಲಸ. ಇದ್ದರೆ ತಡೆಯಬೇಕು. ಪಾರಿವಾಳವು ಸಾಮಾನ್ಯವಾಗಿ ಎರಡು ತತ್ತಿ ಇಟ್ಟು 17-18 ದಿನ ಕಾವು ಕೊಡುತ್ತದೆ. ಮರಿ ಹಾರಲು ಮತ್ತೆ ನಾಲ್ಕೈದು ವಾರ ಬೇಕು. ಗುಬ್ಬಿಯದು ಎಲ್ಲ ಸೇರಿ ಸುಮಾರು ಒಂದು ತಿಂಗಳ ಸಂಸಾರ. ಪಾರಿವಾಳ ವರ್ಷವೆಲ್ಲ ತತ್ತಿ ಇಡಬಲ್ಲದಾದ್ದರಿಂದ, ಮರಿ ಹಾರಿದ ಕೂಡಲೇ ಖಾಲಿ ಗೂಡು ತೆಗೆದು ಜಾಗ ಕಟ್ಟಬೇಕು. ಉಳಿದ ಹಕ್ಕಿಗಳ ಮಟ್ಟಿಗೆ ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಕಾಲ ಈ ಕೆಲಸಕ್ಕೆ ಒಳ್ಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ರಕ್ಷಿತ ಹಕ್ಕಿಗಳ ತತ್ತಿಗೆ, ಗೂಡಿಗೆ ಕೈಹಚ್ಚುವದನ್ನು ಬೇಟೆಯೆಂದೇ ಎಣಿಸುತ್ತದೆಂಬುದನ್ನೂ ಮರೆಯಬಾರದು.

ಇಳಿಜಾರು ಹಲಗೆ

ತೊಲೆಯ ಮೇಲೆ, ಗೋಡೆಯ ಅಂಚಿನ ಮೇಲೆ ಓರೆಯಾಗಿ ಹಲಗೆ ಕೂಡಿಸಿದರೆ ಪಾರಿವಾಳದ ಕಾಲು ಜಾರುತ್ತದೆ. ಅದಕ್ಕೆ ಗಾಯವೇನೂ ಆಗುವದಿಲ್ಲ. ಓರೆ 45 ಅಂಶಕ್ಕಿಂತ ಕಡಿಮೆಯಿದ್ದರೆ ಉಪಯೋಗವಿಲ್ಲ, 60 ಅಂಶ ಇದ್ದರೆ ಉತ್ತಮ. ಲೆಕ್ಕ ಸುಲಭ: ಅಂಚು ನಾಲ್ಕು ಅಂಗುಲ ಅಗಲವಿದ್ದರೆ ಹಲಗೆಯ ಹಿಂಬದಿ ಏಳು ಅಂಗುಲ ಎತ್ತರವಿರಲಿ. ಹಲಗೆ ನುಣುಪಾಗಿರಬೇಕು, ನುಣುಪಾದ ತಗಡಾದರೂ ನಡೆದೀತು. ಎರಡೂ ತುದಿಗಳನ್ನು ಮುಚ್ಚಲು ಬಡಿಗನಿಗೆ ತಪ್ಪದೆ ಹೇಳಿರಿ. ಇಲ್ಲವಾದರೆ ಹಲಗೆಯ ಹಿಂದಿನ ಪೊಳ್ಳಿನಲ್ಲಿ ಗುಬ್ಬಿ, ಗೊರವಂಕಗಳು ಹೊಕ್ಕು ಗೂಡು ಕಟ್ಟುತ್ತವೆ.

ಹೊಸದಾಗಿ ಮಂಟಪ ಕಟ್ಟುವವರಿಗೆ ಇದು ಇನ್ನೂ ಅಗ್ಗ. ಛಾವಣಿಯ ಒಳಮೈ ಸಪಾಟಾಗಿರಲಿ, ತೊಲೆಗೂ ಛಾವಣಿಗೂ ನಡುವೆ ಸಂದು ಬೇಡ, ಕಟ್ಟೆಯ ನೇರ ಮೇಲೆ ಅಡ್ಡತೊಲೆ ಬರದಂತೆ ನೋಡಿದರೆ ಸಾಕು. ಗವಂಡಿ ಕೆಲಸಕ್ಕೆ ಕೈಹಚ್ಚುವ ಮೊದಲೇ ನಕಾಶೆಯಲ್ಲಿ ಇದನ್ನು ಸೇರಿಸಬೇಕು.

ಬಲೆ ಕಟ್ಟುವ ರೀತಿ

ತೊಲೆಗಳು ಬಹಳವಿದ್ದಲ್ಲಿ ಅವುಗಳ ಕೆಳಗೆ ಬಲೆ ಕಟ್ಟಬಹುದು. ಪಾರಿವಾಳಕ್ಕೆ ಎರಡು ಅಂಗುಲದ ಕಣ್ಣು, ಗೊರವಂಕಕ್ಕೆ ಒಂದು ಅಂಗುಲದ್ದು, ಗುಬ್ಬಿಗೆ ಮುಕ್ಕಾಲು ಅಂಗುಲದ್ದು ಬೇಕು. ಬಲೆಯನ್ನು ತಂತಿಗೆ ಬಿಗಿದು ನಗಾರಿಯ ತೊಗಲಿನಂತೆ ಸೆಟೆಸಿ ಕಟ್ಟಬೇಕು. ಜೋಲು ಬಿದ್ದ ಬಲೆಯಲ್ಲಿ ಹಕ್ಕಿ ಸಿಕ್ಕು ನರಳಿ ಸಾಯುತ್ತದೆ. ಮುಚ್ಚುವ ಮೊದಲು ಒಳಗೆ ಹಕ್ಕಿ, ಬಾವಲಿ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿರಿ. ಆಮೇಲೆ ವಾರಕ್ಕೊಮ್ಮೆ ಹರಿದಿದೆಯೋ ಎಂದು ನೋಡಿದರೆ ಒಳಿತು.

ಅಂಬರಗುಬ್ಬಿಗೆ ಬೇರೆ ಉಪಾಯ

ಮಣ್ಣಿನ ಗುಳಿಗೆ ಹಚ್ಚಿ ಛಾವಣಿಗೆ ಗೂಡು ಅಂಟಿಸುವ ಅಂಬರಗುಬ್ಬಿಗೆ ಅಂಚು ಬೇಕಾಗಿಲ್ಲ. ಅದು ದಿನವೆಲ್ಲ ಹಾರುತ್ತ ನೊಣ, ನುಸಿ, ಸಣ್ಣ ಹುಳುಗಳನ್ನೇ ತಿನ್ನುವ ರೈತನ ಗೆಳೆಯ. ಅದನ್ನು ಓಡಿಸದೆ, ಗೂಡಿನ ಕೆಳಗೆ ಹತ್ತು ಅಂಗುಲ ಅಗಲದ ಹಲಗೆಯನ್ನು ಅಡ್ಡ ಕೂಡಿಸಿದರೆ ಹಿಕ್ಕೆಯೆಲ್ಲ ಅದರ ಮೇಲೆ ಬೀಳುತ್ತದೆ. ಗೂಡಿಗೆ ತೀರ ಹತ್ತಿರ ಹಚ್ಚಿದರೆ ಹಕ್ಕಿ ಒಳಹೋಗಲು ಅಡ್ಡಿಯಾಗುತ್ತದೆ, ಕಾಗೆ ಕೂಡ್ರಲು ಆಸರೆಯೂ ಆಗುತ್ತದೆ. ಆದ್ದರಿಂದ ಸಾಕಷ್ಟು ಕೆಳಗೇ ಇರಲಿ. ಇದಕ್ಕಿಂತಲೂ ಸುಲಭವಾದ ಉಪಾಯವೆಂದರೆ ಕೂಡ್ರುವ ಬಾಂಕನ್ನೇ ಎರಡು ಮಾರು ಸರಿಸುವದು.

ಗುಬ್ಬಿಗೆ ಬದಲಿ ಮನೆ

ಗುಬ್ಬಿ ಕಾಳು ತಿನ್ನುವದೇನೋ ನಿಜ. ಆದರೆ ಮರಿಗಳಿಗೆ ಅದು ಉಣಿಸುವದು ಬಹುತೇಕ ಹುಳುಗಳನ್ನೇ. ಸಂದು ಮುಚ್ಚುವ ಮೊದಲೇ ಬಾಂಕಿನಿಂದ ದೂರದ ನೆರಳುಗೋಡೆಗೆ ಹತ್ತು ಅಡಿ ಎತ್ತರದಲ್ಲಿ ಕಟ್ಟಿಗೆಯ ಪೆಟ್ಟಿಗೆ ತೂಗಹಾಕಿರಿ. ಒಂದೂಕಾಲು ಅಂಗುಲದ ದುಂಡು ಕಿಂಡಿ ಸಾಕು. ಅದರಲ್ಲಿ ಗೊರವಂಕ ತೂರಲಾರದು. ತಗಡಿನ ಡಬ್ಬಿ ಬೇಡ, ನಮ್ಮ ಸೀಮೆಯ ಬೇಸಿಗೆಯಲ್ಲಿ ಮರಿಗಳು ಒಳಗೆ ಬೆಂದುಹೋದಾವು. ಹಕ್ಕಿಗೆ ಕಾಳು ಹಾಕುವ ರೂಢಿಯಿದ್ದವರು ಮಂಟಪದಿಂದ ದೂರದ ಗಿಡದ ಬುಡದಲ್ಲಿ ಹಾಕಲಿ.

ಮಾಡಬಾರದ ಕೆಲಸಗಳು

ಅಂಟು ಬಳಿಯುವದು, ವಿಷದ ಕಾಳು ಚೆಲ್ಲುವದು, ಗಾಜಿನ ಚೂರು ನೆಡುವದು, ಗಾಳಿಪಟದ ಮಾಂಜಾ ಕಟ್ಟುವದು ಇವು ಕ್ರೂರ ಕೆಲಸಗಳು. ವಿಷದ ಕಾಳನ್ನು ಕೋಳಿಯೂ ತಿಂದೀತು. ರಬ್ಬರಿನ ಹಾವು, ಮಿಂಚುವ ಪಟ್ಟಿಗಳಿಗೆ ಹಕ್ಕಿಗಳು ಕೆಲವೇ ದಿನಗಳಲ್ಲಿ ಅಂಜುವದನ್ನು ಬಿಡುತ್ತವೆ.

ಹೊಲಸು ತೆಗೆಯುವಾಗ

ಒಣ ಹಿಕ್ಕೆಯನ್ನು ಎಂದೂ ಒಣಗಿದ್ದಂತೆಯೇ ಗುಡಿಸಬಾರದು. ಅದರ ಧೂಳಿನಲ್ಲಿ ಪುಪ್ಪುಸದ ಬೇನೆ ತರುವ ಬೂಷ್ಟು, ರೋಗಾಣುಗಳು ಇರಬಹುದು. ಮೂಗು ಬಾಯಿಗೆ ಬಟ್ಟೆ ಕಟ್ಟಿ, ನೀರು ಚಿಮುಕಿಸಿ ನೆನೆಸಿ, ಸಲಿಕೆಯಿಂದ ಕೆರೆಯಬೇಕು. ಆಮೇಲೆ ಕೈ ಸಾಬೂನಿನಿಂದ ತೊಳೆಯಬೇಕು. ಕೊಟ್ಟಿಗೆಯಲ್ಲಿ ತೊಲೆಯ ನೇರ ಕೆಳಗೆ ಕಣಿಕಿ, ಹಿಂಡಿ, ನೀರಿನ ಬಾನಿ ಇಡಬಾರದು. ಹಿಕ್ಕೆ ಬಿದ್ದ ಮೇವಿನಿಂದ ದನಗಳಿಗೆ ಹೊಟ್ಟೆಬೇನೆ ಅಂಟೀತು. ಕೆರೆದ ಹಿಕ್ಕೆ ಬಲವಾದ ಗೊಬ್ಬರ. ಹಸಿಯಾಗಿ ಹಾಕಿದರೆ ಸಸಿ ಸುಡುತ್ತದೆ. ತಿಪ್ಪೆಯಲ್ಲಿ ಕಸಕಡ್ಡಿಯೊಡನೆ ಚೆನ್ನಾಗಿ ಕೊಳೆಸಿ ಹೊಲಕ್ಕೆ ಹಾಕಿರಿ.

ಪಂಚಾಯತಿಯವರು ಈ ಕೆಲಸಕ್ಕೆ ಹೆಚ್ಚು ಹಣ ತೆಗೆದಿಡಬೇಕಾಗಿಲ್ಲ. ನಾಲ್ಕು ಹಲಗೆ, ಒಬ್ಬ ಬಡಿಗ, ಒಂದು ದಿನದ ದುಡಿಮೆ ಇಷ್ಟರಿಂದ ಒಂದು ಸಣ್ಣ ಮಂಟಪ ಸುಧಾರಿಸೀತು. ಬರುವ ದೀಪಾವಳಿಯ ನಂತರ ನಮ್ಮ ಗಡಿ ಸೀಮೆಯ ಒಂದೊಂದು ಊರೂ ಒಂದೊಂದು ಮಂಟಪದಲ್ಲಿ ಇದನ್ನು ಮಾಡಿ ನೋಡಲಿ ಎಂದು ಸೂಚಿಸುತ್ತೇವೆ.