ಕರಗದೆಯೇ ಹರಿದ ಕಲ್ಲು

ಸ್ವಿಟ್ಜರ್ಲೆಂಡಿನ ಗ್ಲಾರಸ್ ಬೆಟ್ಟಸಾಲಿನಲ್ಲಿ ಶಿಖರಗಳ ಬುಡಕ್ಕೆ ಗೆರೆಯೊಂದು ದೂರದಿಂದಲೇ ಎದ್ದು ಕಾಣುತ್ತದೆ. ಗೆರೆಯ ಮೇಲಿನ ಬಂಡೆಗೆ 25ರಿಂದ 30 ಕೋಟಿ ವರ್ಷ ವಯಸ್ಸು, ಕೆಳಗಿನದಕ್ಕೆ 3.5ರಿಂದ 5 ಕೋಟಿ. ಹಳೆಯ ಪದರ ಅಡಿಗೆ, ಹೊಸದು ಮೇಲಕ್ಕೆ ಎಂಬ ಪದರುಶಿಲೆಗಳ ಮೊದಲ ಪಾಠವೇ ಇಲ್ಲಿ ತಲೆಕೆಳಗು. ಎದುರುಬದುರಾಗಿ ಬಂದ ಎರಡು ಭಾರೀ ಮಡಿಕೆಗಳಿಂದ ಹೀಗಾಗಿದೆ ಎಂದು ಭೂವಿಜ್ಞಾನಿ ಆರ್ನಾಲ್ಡ್ ಎಶರ್ ಮತ್ತು ಅವರ ಶಿಷ್ಯ ಆಲ್ಬರ್ಟ್ ಹೈಮ್ ನಂಬಿದ್ದರು. 1884ರಲ್ಲಿ ಫ್ರಾನ್ಸಿನ ಮಾರ್ಸೆಲ್ ಬರ್ಟ್ರಾಂಡ್, ಆ ಬೆಟ್ಟಗಳನ್ನು ಕಣ್ಣಾರೆ ಕಾಣದೆಯೇ, ಹೈಮ್ ಬರೆದ ವಿವರಗಳನ್ನು ಓದಿ ಬೇರೆಯದೇ ತೀರ್ಮಾನಕ್ಕೆ ಬಂದರು: ಒಂದೇ ಬಂಡೆಹಾಸು ದಕ್ಷಿಣದಿಂದ ಉತ್ತರಕ್ಕೆ ಸರಿದು ಹೊಸ ಪದರಗಳ ಮೇಲೇರಿದೆ. ಕೊನೆಗೆ ನಿಂತದ್ದು ಅವರ ಮಾತೇ. ಹಾಸು ಸರಿದ ದೂರ 30 ಕಿಲೋಮೀಟರಿಗೂ ಹೆಚ್ಚು.

ಹೀಗೆ ಸರಿದ ಬೆಟ್ಟಗಳಲ್ಲಿ ಪದರಗಳು ಬಾಗಿಯೂ ಇರುತ್ತವೆ. ಆದರೆ ನಾವು ಕಂಡಂತೆ ಕಲ್ಲು ಬಾಗುವುದಿಲ್ಲ, ಒಡೆಯುತ್ತದೆ. ಹಾಗಿರುವಾಗ ಬಾಗಿದ್ದು ಕಲ್ಲಾಗುವ ಮೊದಲಿನ ಹಸಿ ಕೆಸರೇ ಇರಬೇಕು ಎಂಬ ಆಕ್ಷೇಪ ಸಹಜವಾದದ್ದು. ಕೆಲವೆಡೆ ಅದು ನಿಜವೂ ಹೌದು. ಆದರೆ ಗ್ಲಾರಸ್‌ನಲ್ಲಿ ಅದಕ್ಕೆ ಉತ್ತರ ಕೊಡುವವು ಮೀನುಗಳು. ಅಲ್ಲಿನ ಎಂಗಿ ಗಣಿಯ ಕಪ್ಪು ಸ್ಲೇಟುಗಳಲ್ಲಿ ಸಿಕ್ಕ ಮೀನಿನ ಪಳೆಯುಳಿಕೆಗಳಿಗೆ ಲೂಯಿ ಅಗಾಸಿಜ್ ಮೈಯ ಅಳತೆ ನೋಡಿ ಹಲವು ಪ್ರಭೇದಗಳ ಹೆಸರು ಕೊಟ್ಟಿದ್ದರು. 1886ರಲ್ಲಿ ವೆಟ್‌ಸ್ಟೈನ್ ಅವುಗಳಲ್ಲಿ ಎಷ್ಟೋ ಮೀನುಗಳು ಒಂದೇ ಪ್ರಭೇದದವು ಎಂದು ತೋರಿಸಿದರು. ಕಲ್ಲು ಹಿಗ್ಗಿದ ದಿಕ್ಕಿಗೆ ಉದ್ದುದ್ದ ಮಲಗಿದ ಮೀನು ನೀಳವಾಗಿ ತೆಳ್ಳಗಾಗಿತ್ತು. ಅಡ್ಡ ಮಲಗಿದ್ದು ಗಿಡ್ಡವಾಗಿ ಅಗಲಗೊಂಡಿತ್ತು. ಕೆಸರು ತನ್ನ ಭಾರಕ್ಕೆ ತಾನೇ ಕುಗ್ಗಿದರೆ ಎಲ್ಲ ಮೀನೂ ಸಮನಾಗಿ ಚಪ್ಪಟೆಯಾಗಬೇಕು. ಹೀಗೆ ದಿಕ್ಕು ನೋಡಿ ವಿಕಾರಗೊಳಿಸಿದ್ದು ಪರ್ವತ ಕಟ್ಟಿದ ಒತ್ತಡ. ನನ್ನ ಮಟ್ಟಿಗೆ ಇಡೀ ವಾದದಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ.

ಹಾಗಾದರೆ ಗಟ್ಟಿ ಕಲ್ಲು ಒಡೆಯದೆ ಉಳಿದದ್ದು ಹೇಗೆ? 1911ರಲ್ಲಿ ಥಿಯೋಡೋರ್ ವಾನ್ ಕಾರ್ಮಾನ್ ಅಮೃತಶಿಲೆಯನ್ನು ಸುತ್ತಲಿಂದಲೂ ಅದುಮಿ ಹಿಡಿದು ಮೇಲಿಂದ ಒತ್ತಿದರು. ಸುತ್ತಲ ಅದುಮು ಹೆಚ್ಚಿದಂತೆ, ಪುಡಿಯಾಗಬೇಕಿದ್ದ ಕಲ್ಲು ಆಕಾರವನ್ನಷ್ಟೇ ಬದಲಿಸಿತು. ಆಳದಲ್ಲಿ ಈ ಅದುಮಿನ ಜೊತೆಗೆ ಶಾಖವೂ ಇರುತ್ತದೆ. ಸುಣ್ಣಕಲ್ಲು ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಮಣಿಯತೊಡಗುತ್ತದೆ, ಬೆಣಚುಕಲ್ಲಿಗೆ ಸುಮಾರು 300 ಬೇಕು. ಕರಗಲು ಬೇಕಾದ ಶಾಖಕ್ಕಿಂತ ಇದು ಎಷ್ಟೋ ಕಡಿಮೆ. ಕಮ್ಮಾರನ ಕುಲುಮೆಯ ಕಬ್ಬಿಣದಂತೆ ಕಲ್ಲು ಘನವಾಗಿದ್ದುಕೊಂಡೇ ರೂಪ ಬದಲಿಸುತ್ತದೆ. ಇನ್ನು ನೀರು: ಒತ್ತಡ ಹೆಚ್ಚಿರುವ ಕಡೆ ಖನಿಜವನ್ನು ಕರಗಿಸಿ ಒಯ್ದು ಬಿರುಕುಗಳಲ್ಲಿ ಬಿಳಿಯ ಎಳೆಗಳಾಗಿ ತುಂಬುತ್ತದೆ.

ಇದಕ್ಕಿಂತ ಕಠಿಣವಾದ ಆಕ್ಷೇಪ ಯಂತ್ರಶಾಸ್ತ್ರದ್ದು. ಹತ್ತಾರು ಕಿಲೋಮೀಟರ್ ಉದ್ದದ ಹಾಸನ್ನು ಹಿಂದಿನಿಂದ ತಳ್ಳಿದರೆ ಅದು ಸರಿಯುವ ಮೊದಲೇ ನಜ್ಜುಗುಜ್ಜಾಗಬೇಕಲ್ಲ! 1959ರಲ್ಲಿ ಭೂವಿಜ್ಞಾನಿಗಳಾದ ಹಬರ್ಟ್ ಮತ್ತು ರೂಬಿ ಇದಕ್ಕೆ ಉತ್ತರ ಕೊಟ್ಟರು: ಸಂದುಗಳಲ್ಲಿ ಸಿಕ್ಕಿಬಿದ್ದ ನೀರಿನ ಒತ್ತಡ ಮೇಲಿನ ಭಾರವನ್ನು ಹೊತ್ತುಕೊಂಡರೆ ಘರ್ಷಣೆ ಬಹಳ ಇಳಿಯುತ್ತದೆ. ಗ್ಲಾರಸ್‌ನ ಗೆರೆಯಲ್ಲಿ ಮಣಿದು ನುಲಿದ ತೆಳು ಸುಣ್ಣಕಲ್ಲಿನ ಪದರವೂ ಇದೆ. ಸರಿತದ ಬಹುಪಾಲನ್ನು ಆ ದುರ್ಬಲ ಪದರವೇ ನುಂಗಿದೆ. ಇಡೀ ಹಾಸು ಒಮ್ಮೆಲೇ ಚಲಿಸಬೇಕಾದ್ದೂ ಇಲ್ಲ, ಅದಕ್ಕೆ ಲಕ್ಷಾಂತರ ವರ್ಷಗಳ ಬಿಡುವಿತ್ತು.

ಹಿಮಾಲಯದಲ್ಲಿ ಇದೇ ಕೆಲಸ ಇಂದಿಗೂ ನಿಂತಿಲ್ಲ. ಭಾರತದ ಭೂಫಲಕ ಆ ಪರ್ವತದಡಿ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ನುಗ್ಗುತ್ತಿದೆ. ಆಳದ ಬಿಸಿ ಶಿಲೆ ಸದ್ದಿಲ್ಲದೆ ಮಣಿಯುತ್ತದೆ. ಮೇಲಿನ ತಣ್ಣನೆಯ ಭಾಗ ಬಿಗಿದುಕೊಂಡು ನಿಂತು, ತಡೆಯಲಾರದಾದಾಗ ಜಾರುತ್ತದೆ. 2015ರ ಏಪ್ರಿಲ್ 25ರಂದು ನೇಪಾಳವನ್ನು ನಡುಗಿಸಿದ 7.8 ತೀವ್ರತೆಯ ಭೂಕಂಪ ಅಂಥದೊಂದು ಜಾರಿಕೆ.