ಸಸ್ಯಕ್ಷೀರವೂ ಅದರೊಳಗಿನ ಎಣ್ಣೆಯೂ

ಹಾಲು, ಎಣ್ಣೆ ಎಂಬ ಎರಡು ಹೆಸರುಗಳು ಒಟ್ಟಿಗೆ ಕಿವಿಗೆ ಬಿದ್ದೊಡನೆ ನಮ್ಮ ಜನರ ಮನಸ್ಸಿನಲ್ಲಿ ಮೊದಲು ಮೂಡುವುದು ಕಲಬೆರಕೆಯ ಶಂಕೆ. ಎಣ್ಣೆಯನ್ನೂ ಮಾರ್ಜಕವನ್ನೂ ನೀರಿನಲ್ಲಿ ಕದಡಿ ಹಾಲೆಂದು ಮಾರಿದ ವಂಚಕರ ಸುದ್ದಿಯನ್ನು ಪತ್ರಿಕೆಗಳಲ್ಲಿ ಅನೇಕ ಸಲ ಓದಿರುವ ಗೃಹಸ್ಥನೊಬ್ಬನು, ಅಂಗಡಿಯಲ್ಲಿ ಓಟ್ಸ್ ಪಾನೀಯದ ಪೊಟ್ಟಣವನ್ನು ಕೈಗೆತ್ತಿಕೊಂಡು, ಅದರ ಹಿಂಬದಿಯಲ್ಲಿ ನೀರು, ಓಟ್ಸ್ ಎಂಬ ಎರಡು ಹೆಸರುಗಳ ಬೆನ್ನಿಗೇ ಸೂರ್ಯಕಾಂತಿ ಎಣ್ಣೆ ಎಂದೋ ರೇಪ್‌ಸೀಡ್ ಎಣ್ಣೆ ಎಂದೋ ಮುದ್ರಿತವಾಗಿರುವುದನ್ನು ಕಂಡು ಹುಬ್ಬು ಗಂಟಿಕ್ಕಿದರೆ ಅದರಲ್ಲಿ ಆಶ್ಚರ್ಯವಿಲ್ಲ. ತಿನ್ನುವ ಉಣ್ಣುವ ವಸ್ತುವಿನ ವಿಷಯದಲ್ಲಿ ಇಂತಹ ಎಚ್ಚರ ಇರಬೇಕಾದುದೇ. ಆದರೆ ಮರೆಮಾಚಿ ಬೆರೆಸಿದ ಎಣ್ಣೆಗೂ, ಹೆಸರು ಹೇಳಿ, ಪ್ರಯೋಜನವನ್ನು ಅರಿತು ಸೇರಿಸಿದ ಎಣ್ಣೆಗೂ ಮಹದಂತರವುಂಟು. ಧಾನ್ಯದಿಂದ ತೆಗೆದ ಪಾನೀಯದಲ್ಲಿ ಎಣ್ಣೆಯು ದೋಷವಲ್ಲ, ಅದನ್ನು ಹಾಲಿನ ಸಮೀಪಕ್ಕೆ ತರುವ ಮುಖ್ಯ ಸಾಧನವೇ ಅದು ಎಂಬುದು ನನ್ನ ಅಭಿಪ್ರಾಯ.

ಇದನ್ನು ತಿಳಿಯಬೇಕಾದರೆ ಮೊದಲು ಹಸುವಿನ ಹಾಲಿನ ರಚನೆಯನ್ನೇ ನೋಡಬೇಕು. ನೂರು ಪಾಲು ಹಾಲಿನಲ್ಲಿ ಸುಮಾರು 87 ಪಾಲು ನೀರು. ಜಿಡ್ಡಿನ ಅಂಶ ಹಸುವಿನದರಲ್ಲಿ 3.5ರಿಂದ 4 ಪಾಲು, ಎಮ್ಮೆಯದರಲ್ಲಿ 6ರಿಂದ 7 ಪಾಲು. ನೀರಿಗೂ ಜಿಡ್ಡಿಗೂ ಸಹಜವಾಗಿ ಆಗಿಬರುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಹೀಗಿದ್ದೂ ಹಾಲಿನಲ್ಲಿ ಅವೆರಡೂ ಕೂಡಿ ಬಾಳುವುದಕ್ಕೆ ಕಾರಣವೇನೆಂದರೆ, ಅಲ್ಲಿ ಜಿಡ್ಡು ಮೂರು ನಾಲ್ಕು ಮೈಕ್ರಾನ್ ವ್ಯಾಸದ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಅಂಶದಷ್ಟು ಗಾತ್ರದ ಗೋಲಕಗಳಾಗಿ ಒಡೆದು, ಪ್ರತಿಯೊಂದು ಗೋಲಕವೂ ತನ್ನದೇ ಆದ ಒಂದು ಸೂಕ್ಷ್ಮವಾದ ಪೊರೆಯನ್ನು ಹೊದ್ದು, ಒಂದಕ್ಕೊಂದು ಅಂಟಿಕೊಳ್ಳದೆ ನೀರಿನ ತುಂಬ ಹರಡಿಕೊಂಡಿರುತ್ತದೆ. ಇಂತಹ ಮಿಶ್ರಣವನ್ನೇ ವಿಜ್ಞಾನಿಗಳು ಎಮಲ್ಷನ್ ಎನ್ನುತ್ತಾರೆ. ಬೆಳಕಿನ ಕಿರಣವು ನೀರಿನಿಂದ ಗೋಲಕದೊಳಕ್ಕೂ ಗೋಲಕದಿಂದ ಮರಳಿ ನೀರಿಗೂ ದಾಟುವಾಗ ಪ್ರತಿ ಸಲವೂ ಬಾಗಿ, ದಿಕ್ಕು ತಪ್ಪಿ, ಕಡೆಗೆ ಎಲ್ಲ ಬಣ್ಣಗಳೂ ಸಮವಾಗಿ ಚದುರಿ ನಮ್ಮ ಕಣ್ಣನ್ನು ಸೇರುವುದರಿಂದ, ಹಾಲಿನಲ್ಲಿರುವ ಪ್ರೋಟೀನು ಕಣಗಳ ಕೆಲಸದೊಡನೆ ಇದೂ ಕೂಡಿ, ಹಾಲಿಗೆ ಆ ಧವಳವರ್ಣ ಬಂದಿದೆ. ನಾಲಗೆಯ ಮೇಲೆ ಹಾಲು ಜಾರುವ ಮೃದುತ್ವವೂ, ಪರಿಮಳವು ಬಾಯಲ್ಲಿ ಕೆಲಕಾಲ ನಿಲ್ಲುವ ಗುಣವೂ ಬಹುಮಟ್ಟಿಗೆ ಈ ಗೋಲಕಗಳ ಕೊಡುಗೆಯೇ; ಏಕೆಂದರೆ ಸುವಾಸನೆಯ ದ್ರವ್ಯಗಳಲ್ಲಿ ಅನೇಕವು ನೀರಿನಲ್ಲಿ ಕರಗದೆ ಜಿಡ್ಡಿನಲ್ಲಿಯೇ ಆಶ್ರಯ ಪಡೆಯತಕ್ಕವು.

ಇನ್ನು ಸಸ್ಯಗಳ ಕಡೆಗೆ ತಿರುಗಿದರೆ, ಎಲ್ಲ ಬೀಜಗಳೂ ಈ ವಿಷಯದಲ್ಲಿ ಸಮಾನವಲ್ಲ. ಸೋಯಾ ಅವರೆಯಲ್ಲಿ ಶೇಕಡಾ 18ರಿಂದ 20ರಷ್ಟು ಎಣ್ಣೆ ತಾನಾಗಿಯೇ ಇರುವುದರಿಂದ ಅದನ್ನು ನೆನೆಸಿ, ರುಬ್ಬಿ, ಕುದಿಸಿ, ಸೋಸಿದ ದ್ರವದಲ್ಲಿ ಸುಮಾರು ಎರಡು ಪಾಲು ಜಿಡ್ಡು ಸಹಜವಾಗಿಯೇ ಉಳಿದು, ಹೊರಗಿನಿಂದ ಎಣ್ಣೆ ಸೇರಿಸುವ ಅಗತ್ಯ ಬೀಳುವುದಿಲ್ಲ. ಬಾದಾಮಿಯ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ. ಆದರೆ ಅಂಗಡಿಯ ಬಾದಾಮಿ ಪಾನೀಯಗಳಲ್ಲಿ ಬಾದಾಮಿಯ ಪ್ರಮಾಣ ಅನೇಕ ವೇಳೆ ನೂರಕ್ಕೆ ಎರಡು ಮೂರು ಪಾಲನ್ನು ಮೀರುವುದಿಲ್ಲವಾದುದರಿಂದ ಅವು ತೆಳ್ಳಗಿರುವುದು ಅನಿವಾರ್ಯ. ಓಟ್ಸ್‌ನಲ್ಲಿ ಸುಮಾರು ಏಳು ಪಾಲು ಜಿಡ್ಡಿದೆ. ಧಾನ್ಯಗಳ ಮಟ್ಟಿಗೆ ಅದು ಹೆಚ್ಚೇ ಸರಿ. ಆದರೆ ಹತ್ತು ಪಾಲು ಓಟ್ಸ್ ಹಾಕಿ ನೂರು ಪಾಲು ಪಾನೀಯ ಮಾಡಿದಾಗ ಒಂದು ಪಾಲಿಗೂ ಕಡಿಮೆ ಜಿಡ್ಡು ಮಾತ್ರ ಅದರಲ್ಲಿ ಉಳಿಯುತ್ತದೆ. ಅಕ್ಕಿಯದಂತೂ ಇನ್ನೂ ಬಡತನ.

ಓಟ್ಸ್ ಪಾನೀಯದ ಇತಿಹಾಸ ಸ್ವೀಡನ್ ದೇಶದ್ದು. ಅಲ್ಲಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ರಿಕಾರ್ಡ್ ಓಸ್ಟೆ ಎಂಬ ವಿಜ್ಞಾನಿ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸಿಕೊಳ್ಳಲಾರದವರಿಗೆ ಬೇರೊಂದು ಪಾನೀಯವನ್ನು ಒದಗಿಸುವ ಉದ್ದೇಶದಿಂದ, 1990ರ ದಶಕದ ಆರಂಭದಲ್ಲಿ ಇದರ ವಿಧಾನವನ್ನು ರೂಪಿಸಿದರು. ಓಟ್ಸ್ ಹಿಟ್ಟನ್ನು ನೀರಿನಲ್ಲಿ ಕಲಸಿ ಕಾಯಿಸಿದರೆ ಗಂಜಿಯಾಗುವುದು ಲೋಕಾನುಭವ. ಅದಕ್ಕೆ ಪಿಷ್ಟವನ್ನು ಒಡೆಯತಕ್ಕ ಕಿಣ್ವಗಳನ್ನು ಸೇರಿಸಿದರೆ ಪಿಷ್ಟವು ಮಾಲ್ಟೋಸ್ ಮೊದಲಾದ ಸಕ್ಕರೆಗಳಾಗಿ ಮಾರ್ಪಟ್ಟು, ಗಂಜಿಯಾಗಬೇಕಾದುದು ಕುಡಿಯಲು ಬರುವ, ತುಸು ಸಿಹಿಯಾದ ದ್ರವವಾಗುತ್ತದೆ. ಹಾಗೆ ದೊರೆತ ದ್ರವ ರುಚಿಯಲ್ಲಿ ಒಳ್ಳೆಯದೇ, ಆದರೆ ಬಣ್ಣದಲ್ಲಿ ಮಂಕು, ಬಾಯಿಗೆ ನೀರು ನೀರು. ಆಗಲೇ ಎಣ್ಣೆಯ ಪ್ರವೇಶ. ಇವರ ಸಂಶೋಧನೆಯಿಂದ ಹುಟ್ಟಿದ ಓಟ್ಲಿ ಎಂಬ ಸಂಸ್ಥೆಯು ಕಾಫಿಗೆಂದೇ ತಯಾರಿಸುವ ಪಾನೀಯದಲ್ಲಿ ರೇಪ್‌ಸೀಡ್ ಎಣ್ಣೆಯನ್ನು ಸೇರಿಸಿ ಒಟ್ಟು ಜಿಡ್ಡನ್ನು ನೂರಕ್ಕೆ ಮೂರು ಪಾಲಿಗೆ, ಎಂದರೆ ಹೆಚ್ಚುಕಡಿಮೆ ಹಸುವಿನ ಹಾಲಿನ ಮಟ್ಟಕ್ಕೆ ಏರಿಸಿದೆ. ಇನ್ನೂರು ಮಿಲಿಲೀಟರಿನ ಒಂದು ಲೋಟದ ಲೆಕ್ಕಕ್ಕೆ ಇಳಿಸಿದರೆ, ಹೊರಗಿನಿಂದ ಬಿದ್ದ ಎಣ್ಣೆ ಸುಮಾರು ಒಂದು ಚಹಾ ಚಮಚೆಯಷ್ಟು.

ಆ ಒಂದು ಚಮಚೆ ಎಣ್ಣೆಯನ್ನು ಸುಮ್ಮನೆ ಸುರಿದು ಕದಡಿದರೆ ಕ್ಷಣಮಾತ್ರದಲ್ಲಿ ಅದು ಮೇಲೆ ತೇಲಿ ನಿಲ್ಲುವುದು. ತೇಲದಂತೆ ಮಾಡುವ ವಿದ್ಯೆಯ ಮೂಲತತ್ತ್ವ ಬ್ರಿಟನ್ನಿನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1851ರಲ್ಲಿ ಪ್ರಕಟಿಸಿದ ನಿಯಮದಲ್ಲಿ ಅಡಗಿದೆ: ದ್ರವದೊಳಗೆ ಕಣವೊಂದು ಮೇಲೇರುವ ಅಥವಾ ಕೆಳಗಿಳಿಯುವ ವೇಗವು ಅದರ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. ಆದುದರಿಂದ ಗೋಲಕದ ವ್ಯಾಸವನ್ನು ಐದನೆಯ ಒಂದಂಶಕ್ಕೆ ಇಳಿಸಿದರೆ ಅದು ಮೇಲೇರುವ ವೇಗ ಇಪ್ಪತ್ತೈದನೆಯ ಒಂದಂಶಕ್ಕೆ ಕುಗ್ಗುತ್ತದೆ. ಫ್ರಾನ್ಸಿನ ಒಗುಸ್ತ್ ಗೊಲಾನ್ ಎಂಬುವರು 1899ರಲ್ಲಿ ಹಕ್ಕುಪತ್ರ ಪಡೆದು, ಮರುವರ್ಷ ಪ್ಯಾರಿಸಿನ ಮಹಾಪ್ರದರ್ಶನದಲ್ಲಿ ತೋರಿಸಿದ ಯಂತ್ರವು ಈ ಕೆಲಸವನ್ನೇ ಮಾಡಿತು. ಹಾಲನ್ನು ಅಪಾರವಾದ ಒತ್ತಡದಿಂದ ಕೂದಲೆಳೆಯಂತಹ ಸಂದಿಯ ಮೂಲಕ ನುಗ್ಗಿಸಿ, ಗೋಲಕಗಳನ್ನು ಒಂದು ಮೈಕ್ರಾನಿಗೂ ಕಿರಿದಾಗಿ ಚೂರು ಮಾಡುವ ಈ ಕ್ರಮಕ್ಕೆ ಹೋಮೋಜಿನೈಸೇಷನ್ ಎಂಬ ಹೆಸರು ಬಂತು. ನಮ್ಮ ಡೈರಿಗಳಿಂದ ಬರುವ ಹೋಮೋಜಿನೈಸ್ಡ್ ಹಾಲೂ ಓಟ್ಸ್ ಪಾನೀಯವೂ ಇಂದಿಗೂ ಇದೇ ತತ್ತ್ವದ ಯಂತ್ರಗಳಿಗೆ ಋಣಿಗಳು. ಚೂರಾದ ಎಣ್ಣೆಯ ಹನಿಗಳು ಮತ್ತೆ ಕೂಡಿಕೊಳ್ಳದಂತೆ ಧಾನ್ಯದ ಪ್ರೋಟೀನು ಅವುಗಳಿಗೆ ಹೊದಿಕೆಯಾಗುತ್ತದೆ. ಅದು ಸಾಲದಾದರೆ ಸೂರ್ಯಕಾಂತಿಯ ಲೆಸಿಥಿನ್, ಜೆಲ್ಲನ್ ಗೋಂದು ಮುಂತಾದುವುಗಳನ್ನು ಅಲ್ಪಪ್ರಮಾಣದಲ್ಲಿ ಸೇರಿಸುವುದುಂಟು. ಬಿಸಿಯಾದ, ಆಮ್ಲಗುಣವುಳ್ಳ ಕಾಫಿಯಲ್ಲಿ ಪಾನೀಯವು ಒಡೆದು ಮೊಸರಿನಂತಾಗುವುದನ್ನು ತಡೆಯಲು ಪೊಟ್ಯಾಸಿಯಮ್ಮಿನ ಫಾಸ್ಫೇಟ್ ಲವಣವನ್ನೂ ಬಳಸುತ್ತಾರೆ.

ಯಂತ್ರ ಹೊಸದು, ಆದರೆ ಧಾನ್ಯದ ಹಾಲಿಗೆ ಜಿಡ್ಡಿನ ಜೊತೆ ಬೇಕೆಂಬ ಅರಿವು ಹೊಸದಲ್ಲ. ನಮ್ಮ ಹೆಣ್ಣುಮಕ್ಕಳು ರಾಗಿಯನ್ನು ನೆನೆಹಾಕಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ಹಾಲು ತೆಗೆದು ಹಾಲುಬಾಯಿ ಮಾಡುವಾಗ, ಜೊತೆಗೆ ತೆಂಗಿನ ಕಾಯಿಯ ಹಾಲನ್ನೂ ಹಿಂಡಿ, ಬೆಲ್ಲ ಹಾಕಿ ಕೈಬಿಡದೆ ಕೆದಕುತ್ತ, ಕಡೆಗೆ ತುಪ್ಪವನ್ನೂ ಬಿಡುವುದು ಬರಿಯ ಸಂಪ್ರದಾಯವಲ್ಲ. ಶೇಕಡಾ ಎರಡಕ್ಕೂ ಕಡಿಮೆ ಜಿಡ್ಡುಳ್ಳ ರಾಗಿಗೆ ಇಲ್ಲದುದನ್ನು ತೆಂಗು ತುಂಬಿಕೊಡುತ್ತದೆ. ಗಸಗಸೆ ಪಾಯಸದಲ್ಲಿ ಅಕ್ಕಿಯೊಡನೆ ಗಸಗಸೆಯೂ ತೆಂಗಿನ ತುರಿಯೂ ಒಂದೇ ಒರಳಿಗೆ ಬೀಳುವುದೂ ಇದೇ ಯುಕ್ತಿಯಿಂದ. ಗಸಗಸೆಯ ತೂಕದಲ್ಲಿ ಸುಮಾರು ಅರ್ಧ ಎಣ್ಣೆ. ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯವು ರೂಪಿಸಿದ ಮಿಲ್ಟೋನ್ ಎಂಬ ಪಾನೀಯದಲ್ಲಿ ಕಡಲೆಕಾಯಿಯ ಎಣ್ಣೆಯನ್ನು ತೆಗೆದು ಉಳಿದ ಪ್ರೋಟೀನನ್ನು ಎಮ್ಮೆಯ ಹಾಲಿನೊಡನೆ ಕೂಡಿಸಿದಾಗ, ಜಿಡ್ಡನ್ನು ಒದಗಿಸುವ ಭಾರ ಎಮ್ಮೆಯ ಹಾಲಿನದಾಯಿತು. ಒಂದಲ್ಲ ಒಂದು ಕಡೆಯಿಂದ ಅದು ಬರಲೇಬೇಕು.

ಹಾಗಾದರೆ ವಿಚಾರಿಸಬೇಕಾದುದು ಎಣ್ಣೆ ಇದೆಯೇ ಎಂಬುದನ್ನಲ್ಲ, ಯಾವ ಎಣ್ಣೆ ಎಂಬುದನ್ನು. ರೇಪ್‌ಸೀಡ್ ನಮ್ಮ ಸಾಸಿವೆಯ ಕುಲದ್ದೇ. ಹಿಂದೆ ಅದರ ಎಣ್ಣೆಯಲ್ಲಿ ಎರ್ಯೂಸಿಕ್ ಆಮ್ಲವೆಂಬ ಅನಪೇಕ್ಷಿತ ಅಂಶ ವಿಶೇಷವಾಗಿದ್ದಿತು. ಕೆನಡಾದ ಸಸ್ಯತಳಿ ವಿಜ್ಞಾನಿಗಳಾದ ಕೀತ್ ಡೌನಿ, ಬಾಲ್ಡರ್ ಸ್ಟೆಫಾನ್‌ಸನ್ ಮೊದಲಾದವರ ದುಡಿಮೆಯಿಂದ 1974ರ ವೇಳೆಗೆ ಆ ಆಮ್ಲ ತೀರ ಕಡಿಮೆಯಾದ ತಳಿಗಳು ಬಂದವು. ಕನೋಲಾ ಎಂದು ಈಗ ಕರೆಯುವುದು ಅವುಗಳನ್ನೇ. ಈ ಎಣ್ಣೆಯಲ್ಲಿ ಪರ್ಯಾಪ್ತ ಕೊಬ್ಬು ನೂರಕ್ಕೆ ಏಳು ಪಾಲು ಮಾತ್ರ, ಒಮೆಗಾ-3 ವರ್ಗದ ಆಮ್ಲ ಸುಮಾರು ಒಂಬತ್ತು ಪಾಲು. ಹಾಲಿನ ಕೊಬ್ಬಿನಲ್ಲಾದರೋ ಪರ್ಯಾಪ್ತ ಅಂಶ ಅರ್ಧಕ್ಕಿಂತ ಮಿಗಿಲು. ಪರ್ಯಾಪ್ತ ಕೊಬ್ಬಿನ ಸ್ಥಾನದಲ್ಲಿ ಇಂತಹ ಅಪರ್ಯಾಪ್ತ ಎಣ್ಣೆಗಳು ಬಂದಾಗ ರಕ್ತದ ಕೆಟ್ಟ ಕೊಲೆಸ್ಟರಾಲ್ ಇಳಿಯುವುದೆಂಬುದು ಚೆನ್ನಾಗಿ ಸ್ಥಾಪಿತವಾದ ವಿಷಯವಾದುದರಿಂದ, ಬೀಜದ ಎಣ್ಣೆಗಳೆಲ್ಲ ವಿಷವೆಂದು ಈಚೆಗೆ ಹಬ್ಬಿರುವ ಮಾತಿಗೆ ನಾನು ಬೆಲೆ ಕೊಡಲಾರೆ. ತೆಂಗಿನ ಎಣ್ಣೆ ಸೇರಿಸಿದ ಪಾನೀಯದ ಸಂಗತಿ ಬೇರೆ. ಆ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಪರ್ಯಾಪ್ತವೇ ಆದುದರಿಂದ ಹೃದ್ರೋಗಿಗಳು ಅದನ್ನು ಮಿತವಾಗಿ ಬಳಸುವುದು ಲೇಸು. ಕೆಲವರು ಪಾನೀಯಗಳಿಗೆ ಸೇರಿಸುವ ಎಣ್ಣೆಯನ್ನು ವನಸ್ಪತಿಯೊಡನೆ ಸಮೀಕರಿಸುವುದೂ ಉಂಟು. ಅದು ಸರಿಯಲ್ಲ: ವನಸ್ಪತಿಯಲ್ಲಿ ಎಣ್ಣೆಗೆ ಜಲಜನಕವನ್ನು ಸೇರಿಸಿ ಅದರ ಅಣುರಚನೆಯನ್ನೇ ಬದಲಿಸಿ ಗಟ್ಟಿಮಾಡುತ್ತಾರೆ, ಇಲ್ಲಿ ದ್ರವವಾದ ಎಣ್ಣೆಯು ದ್ರವವಾಗಿಯೇ ಇದ್ದು ಬರಿದೆ ಚೂರಾಗುತ್ತದೆ.

ಎಣ್ಣೆಯು ಒಂದು ಕೊರತೆಯನ್ನು ತುಂಬುವುದೇ ಹೊರತು ಎಲ್ಲವನ್ನೂ ಅಲ್ಲ. ಹಸುವಿನ ಹಾಲಿನಲ್ಲಿ ನೂರಕ್ಕೆ 3.2ರಷ್ಟು ಪ್ರೋಟೀನು; ಸೋಯಾ ಪಾನೀಯ ಅದಕ್ಕೆ ಸಮೀಪ ಬರುತ್ತದೆ, ಓಟ್ಸ್ ಪಾನೀಯದಲ್ಲಿ ಒಂದು ಪಾಲು ಸಿಕ್ಕರೆ ಹೆಚ್ಚು. ಸುಣ್ಣದ ಅಂಶ, ಬಿ-12 ಜೀವಸತ್ವಗಳನ್ನು ತಯಾರಕರು ಬೇರೆಯಾಗಿ ಸೇರಿಸಿದ್ದರಷ್ಟೇ ಉಂಟು. ಡಿ ಜೀವಸತ್ವವನ್ನು ಸೇರಿಸಿದ್ದರೆ ಅದು ಕರುಳಿನಲ್ಲಿ ಚೆನ್ನಾಗಿ ಹೀರಲ್ಪಡಲು ಜಿಡ್ಡು ಬೇಕಾದುದರಿಂದ ಎಣ್ಣೆಯ ಉಪಕಾರ ಅಲ್ಲಿಯೂ ಇದೆ. ಹಾಲು ಒಗ್ಗದ ವಯಸ್ಕರು, ಪ್ರಾಣಿಜನ್ಯ ಆಹಾರವನ್ನು ತೊರೆದವರು, ಪೊಟ್ಟಣದ ಮೇಲಿನ ಪಟ್ಟಿಯನ್ನು ಪೂರ್ತಿಯಾಗಿ ಓದಿ, ಪ್ರೋಟೀನನ್ನು ಬೇಳೆಕಾಳುಗಳಿಂದ ತುಂಬಿಕೊಳ್ಳುವ ಏರ್ಪಾಡು ಮಾಡಿಕೊಂಡು, ನಿಶ್ಚಿಂತೆಯಿಂದ ಇವನ್ನು ಕುಡಿಯಬಹುದು. ಆದರೆ ಎಷ್ಟು ಬೆಳ್ಳಗೆ, ಎಷ್ಟು ನುಣ್ಣಗೆ ಕಂಡರೂ, ಒಂದು ವರ್ಷ ತುಂಬದ ಶಿಶುವಿಗೆ ತಾಯಿಯ ಹಾಲಿನ ಬದಲಾಗಿ ಈ ಪಾನೀಯಗಳಲ್ಲಿ ಯಾವುದನ್ನೂ ಕೊಡಕೂಡದು. ಮನೆಯಲ್ಲಿ ಎಳೆಯ ಮಗುವಿರುವವರು ಈ ಒಂದು ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು.